ನೆರೆಮನೆಯಲ್ಲಿ ಭದ್ರವಾಗಿರುವ ನಮ್ಮ ಚರಿತ್ರೆ

ಕೆಲವು ದಿನಗಳ ಹಿಂದೆ ಟಿ. ನರಸೀಪುರದ ಓರ್ವ ಕಾಲೇಜು ವಿದ್ಯಾರ್ಥಿ ದೂರವಾಣಿ ಕರೆ ಮಾಡಿದ. "ಭಾಯ್, ನಂಜನಗೂಡಿನ ಪಚ್ಚೆಲಿಂಗದ ಫೋಟೋ ಇದ್ದರೆ ಬೇಗ ಕಳಿಸಿ" ಎಂದ. ಯಾತಕ್ಕೆ ಎಂದು ವಿಚಾರಿಸಿದೆ. ಸಹಪಾಠಿಗಳ ವಾಟ್ಸ್ಯಾಪ್ ಗುಂಪಿನಲ್ಲಿ ಟಿಪ್ಪು ಸುಲ್ತಾನರ ಬಗ್ಗೆ ಬಿಸಿಬಿಸಿ ವಾಗ್ವಾದ ನಡೆಯುತ್ತಿತ್ತಂತೆ. ಟಿಪ್ಪು ದೇವಾಲಯಗಳ ವೈರಿಯಾಗಿದ್ದರೆಂದು ಯಾರೋ ಬರೆದಿದ್ದರು. ಅದಕ್ಕೊಂದು ಉತ್ತರ ಬೇಕಿತ್ತು. "ನೀನು ನಂಜನಗೂಡಿಗೆ ಯಾವತ್ತಾದರೂ ಹೋಗಿದ್ದೀಯಾ?" ಎಂದು ಕೇಳಿದೆ. "ಬಸ್ಸಿನಲ್ಲಿ ಹಾದು ಹೋಗಿದ್ದೇನೆ ಭಾಯ್, ಇಳಿದಿಲ್ಲ" ಎಂದ.

ಆ ಹುಡುಗನನ್ನು ದೂರಲಿಕ್ಕಾಗಿ ಇದನ್ನು ಹೇಳುತ್ತಿಲ್ಲ. ಅವನು ನಮ್ಮೆಲ್ಲರ ಪ್ರತಿನಿಧಿ. ನಾವು ಚರಿತ್ರೆಯನ್ನು ನೆನಪಿಸಿಕೊಳ್ಳುವುದು ಯಾರಾದರೂ ನಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಿದಾಗ ಮಾತ್ರ. ಆಗ ಪಚ್ಚೆಲಿಂಗ ಬೇಕು, ಶೃಂಗೇರಿಯ ಪತ್ರಗಳು ಬೇಕು. ವಾಗ್ವಾದ ಮುಗಿದೊಡನೆ ಅವುಗಳನ್ನು ಮತ್ತೆ ಮರೆತುಬಿಡುತ್ತೇವೆ. ಸ್ವಂತ ಚರಿತ್ರೆಯನ್ನು ಕೇವಲ ಸನ್ನಡತೆಯ ಪ್ರಮಾಣಪತ್ರವಾಗಿ ಬಳಸುವ ಸಮುದಾಯಕ್ಕೆ ಆ ಚರಿತ್ರೆಯನ್ನು ಉಳಿಸಿಕೊಳ್ಳಲು ಸಾಧ್ಯವೇ? ಈ ಪ್ರಶ್ನೆಯನ್ನು ನಂಜನಗೂಡಿನಲ್ಲಿ ನಿಂತು ಕೇಳಿಕೊಳ್ಳುವುದು ಉಚಿತ.

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯ ಕರ್ನಾಟಕದ ಅತಿ ದೊಡ್ಡ ದೇವಾಲಯಗಳಲ್ಲೊಂದು. ಸುಮಾರು 385 ಅಡಿ ಉದ್ದ, 160 ಅಡಿ ಅಗಲದ ಈ ಕಟ್ಟಡದ ಮಹಾದ್ವಾರದ ಗೋಪುರ ಸುಮಾರು 120 ಅಡಿ ಎತ್ತರವಿದೆ. ಗಂಗರು, ಚೋಳರು, ಹೊಯ್ಸಳರಿಂದ ಹಿಡಿದು ಮೈಸೂರಿನ ಒಡೆಯರವರೆಗೆ ಅನೇಕರು ಇದನ್ನು ಬೆಳೆಸಿದರು. ಟಿಪ್ಪು ಸುಲ್ತಾನರ ಪಟ್ಟದಾನೆಗೆ ಕಣ್ಣಿನ ಬೇನೆ ಬಂದಾಗ ಇಲ್ಲಿ ಪೂಜೆ ಸಲ್ಲಿಸಲಾಯಿತು, ಆನೆಗೆ ಗುಣವಾಯಿತು, ಆ ಕೃತಜ್ಞತೆಯಲ್ಲಿ ಸುಲ್ತಾನರು ಪಚ್ಚೆಯ ಲಿಂಗವನ್ನೂ ಪಚ್ಚೆಯ ಹಾರವನ್ನೂ ಅರ್ಪಿಸಿ ಇಲ್ಲಿಯ ದೇವರನ್ನು 'ಹಕೀಮ್ ನಂಜುಂಡ' ಎಂದು ಕರೆದರು ಎಂಬುದು ಊರಿನ ಪ್ರತೀತಿ. ಆನೆಯ ಕಥೆಯನ್ನು ಪ್ರತೀತಿಯೆಂದೇ ಇಟ್ಟುಕೊಳ್ಳೋಣ. ಆದರೆ ಲಿಂಗ ಅಲ್ಲಿದೆ. ಇದೇ ತಾಲೂಕಿನ ಕಳಲೆಯ ಲಕ್ಷ್ಮೀಕಾಂತ ದೇವಾಲಯಕ್ಕೂ ಟಿಪ್ಪು ನಾಲ್ಕು ಬೆಳ್ಳಿಯ ಬಟ್ಟಲು, ಒಂದು ತಟ್ಟೆ ಮತ್ತು ಒಂದು ಪೀಕದಾನಿಯನ್ನು ನೀಡಿದ್ದು ದಾಖಲಾಗಿದೆ.

ಹಕೀಮ್ ಎಂಬುದು ಅರಬಿ ಪದ. ಹಿಕ್ಮತ್, ಅಂದರೆ ವಿವೇಕ ಎಂಬ ಪದದ ಬೇರಿನಿಂದಲೇ ಹುಟ್ಟಿದ್ದು. ವೈದ್ಯನಿಗೂ ಅದೇ ಹೆಸರು. ಅರಬಿ ಪದವೊಂದು ಕಪಿಲಾ ನದಿಯ ದಂಡೆಯ ದೇವರ ಹೆಸರಿನ ಮುಂದೆ ಬಂದು ನಿಂತು 225 ವರ್ಷಗಳಿಗೂ ಹೆಚ್ಚು ಕಾಲವಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಸುಲ್ತಾನರು ಹುತಾತ್ಮರಾದರು, ಅರಮನೆ ಸೂರೆಯಾಯಿತು. ಅವರ ಖಡ್ಗ, ಸಿಂಹಾಸನದ ತುಣುಕು, ಗ್ರಂಥಾಲಯದ ಹಸ್ತಪ್ರತಿಗಳು ಕಡಲು ದಾಟಿದವು. ನಂಜನಗೂಡಿಗೆ ಕೊಟ್ಟದ್ದು ಮಾತ್ರ ನಂಜನಗೂಡಿನಲ್ಲಿಯೇ ಉಳಿಯಿತು. ಅದನ್ನು ಉಳಿಸಿದವರು ಯಾರು? ಅಲ್ಲಿಯ ಅರ್ಚಕರು, ಅಲ್ಲಿಯ ಭಕ್ತರು. ತಲೆಮಾರುಗಳ ಕಾಲ ಅವರು ಅದು ಯಾರ ಕೊಡುಗೆಯೆಂಬುದನ್ನು ಮರೆಮಾಚಲಿಲ್ಲ.

ಇಲ್ಲಿ ನಮ್ಮವರೇ ಕೆಲವರು ಆಕ್ಷೇಪ ಎತ್ತುವುದುಂಟು. ಮುಸ್ಲಿಮ್ ದೊರೆಯೊಬ್ಬ ಲಿಂಗವನ್ನು ಕೊಡುವುದೇ, ಇದರಲ್ಲಿ ಅಭಿಮಾನ ಪಡಲು ಏನಿದೆ ಎಂಬುದು ಅವರ ಪ್ರಶ್ನೆ. ಅಕೀದದ ವಿಷಯ ಬೇರೆ, ಪ್ರಜೆಗಳ ಹಕ್ಕಿನ ವಿಷಯ ಬೇರೆ. ತೌಹೀದ್‌ನಲ್ಲಿ ಯಾವ ರಾಜಿಯೂ ಇಲ್ಲ. ಆದರೆ ಸನ್ಯಾಸಿ ಮಠಗಳು, ಇಗರ್ಜಿಗಳು, ಯಹೂದಿ ಆರಾಧನಾಲಯಗಳು ಮತ್ತು ಮಸೀದಿಗಳು ಧ್ವಂಸವಾಗದಂತೆ ತಡೆಯುವುದನ್ನು ಪವಿತ್ರ ಕುರ್‌ಆನ್ ಒಂದೇ ಉಸಿರಿನಲ್ಲಿ ಪ್ರಸ್ತಾಪಿಸುತ್ತದೆ. ಜೆರುಸಲೇಮಿನಲ್ಲಿ ಹಝ್ರತ್ ಉಮರ್(ರ) ಇಗರ್ಜಿಯೊಳಗೆ ನಮಾಝ್ ನಿರ್ವಹಿಸಲು ನಿರಾಕರಿಸಿದರೆಂದು ಇತಿಹಾಸಕಾರರು ಬರೆದಿದ್ದಾರೆ. ಮುಂದೊಂದು ದಿನ ಮುಸ್ಲಿಮರು ಆ ನೆಪದಲ್ಲಿ ಅದರ ಮೇಲೆ ಹಕ್ಕು ಸಾಧಿಸಬಾರದು ಎಂಬುದು ಅವರ ದೂರದೃಷ್ಟಿ. ಪ್ರಜೆಗಳ ಆರಾಧನಾಲಯವನ್ನು ಗೌರವಿಸುವುದು ಆಳುವವನ ಹೊಣೆ. ಟಿಪ್ಪು ಆ ಹೊಣೆಯನ್ನು ನಂಜನಗೂಡಿನಲ್ಲಿ ನಿರ್ವಹಿಸಿದರು ಎಂದಷ್ಟೇ ತಿಳಿದರೆ ಸಾಕು.

ದೇವಾಲಯದಿಂದ ನದಿಯ ಕಡೆಗೆ ಬಂದರೆ ಕಲ್ಲಿನ ಒಂದು ಹಳೆಯ ಸೇತುವೆ ಕಾಣುತ್ತದೆ. 1735ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಕಪಿಲಾ ನದಿಗೆ ಕಟ್ಟಿಸಿದ್ದು. ಕಟ್ಟುವಾಗ ಎತ್ತಿನಗಾಡಿಗಳೇ ವಾಹನ. 19ನೇ ಶತಮಾನದ ಕೊನೆಗೆ ಮೈಸೂರಿನಿಂದ ರೈಲು ಹಳಿ ಬಂದಾಗ ಇದೇ ಸೇತುವೆ ರೈಲನ್ನೂ ಹೊತ್ತಿತು, ರಸ್ತೆಯನ್ನೂ ಹೊತ್ತಿತು. ರೈಲು ಸಂಚರಿಸಿದ ಭಾರತದ ಸೇತುವೆಗಳಲ್ಲಿ ಇದಕ್ಕಿಂತ ಹಳೆಯದಿಲ್ಲವೆಂದು ಹೇಳಲಾಗುತ್ತದೆ. ಬ್ರಾಡ್‌ಗೇಜ್ ಬರುವವರೆಗೂ, ಅಂದರೆ ನಮ್ಮ ಕಾಲದವರೆಗೂ, ಅದು ದುಡಿಯಿತು. ಈಗ ಹೊಸ ಸೇತುವೆಗಳು ಕೆಲಸ ಮಾಡುತ್ತಿವೆ, ಅಜ್ಜ ವಿಶ್ರಾಂತಿಯಲ್ಲಿದ್ದಾನೆ.

ಈ ದೇವರಾಜಯ್ಯ ಕಳಲೆ ಮನೆತನದವರು. ಅವರ ಸಹೋದರ ನಂಜರಾಜಯ್ಯ ಸೇನಾಧಿಪತಿ ಮಾತ್ರವಲ್ಲ, ಕನ್ನಡದ ಗ್ರಂಥಕರ್ತರೂ ಹೌದು. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ನಂಜರಾಜಯ್ಯನವರ ಕಣ್ಣಿಗೆ ಬಿದ್ದ ಓರ್ವ ಸಾಮಾನ್ಯ ಸವಾರನೇ ಹೈದರ್ ಅಲಿ. ನಂಜನಗೂಡಿನ ಸೇತುವೆ ಕಟ್ಟಿದ ಮನೆತನದ ಆಶ್ರಯದಲ್ಲಿ ಹೈದರ್ ಬೆಳೆದರು. ಮುಂದೆ ಅದೇ ಮನೆತನವನ್ನು ಬದಿಗೆ ಸರಿಸಿ ರಾಜ್ಯಾಧಿಕಾರ ಹಿಡಿದರು. ಹೈದರರ ಪುತ್ರ ಕಳಲೆಯ ದೇವಾಲಯಕ್ಕೆ ಬೆಳ್ಳಿಯ ಬಟ್ಟಲು ನೀಡಿದರು. ಸ್ನೇಹ, ಸ್ಪರ್ಧೆ, ಕಲಹ, ಕೊಡುಗೆ ಎಲ್ಲವೂ ಒಂದೇ ತಾಲೂಕಿನೊಳಗೆ ಹೆಣೆದುಕೊಂಡಿವೆ. ಇದರಿಂದ ಮುಸ್ಲಿಮ್ ಎಳೆಯೊಂದನ್ನು ಬೇರ್ಪಡಿಸಿ ಎಳೆದರೆ ಇಡೀ ಬಟ್ಟೆಯೇ ಬಿಚ್ಚಿಕೊಳ್ಳುತ್ತದೆ.

ನನ್ನ ವಿಷಯವನ್ನೇ ಹೇಳುವುದಾದರೆ, ಮದ್ರಸದಲ್ಲಿ ಓದುತ್ತಿದ್ದಾಗ ಬುಖಾರಾ ಗೊತ್ತಿತ್ತು, ಸಮರ್ಕಂದ್ ಗೊತ್ತಿತ್ತು, ಕುರ್ತುಬಾದ ಮಸೀದಿಯ ಕಂಬಗಳ ವರ್ಣನೆ ಗೊತ್ತಿತ್ತು. ಕಳಲೆ ಗೊತ್ತಿರಲಿಲ್ಲ. ಅನಂತರ ಬಿ.ಎ. ತರಗತಿಯಲ್ಲಿ ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದುವಾಗ ಕಳಲೆ ನಂಜರಾಜನ ಹೆಸರು ಬಂತು. ಮನೆಯಿಂದ ಇಷ್ಟು ಹತ್ತಿರದ ಊರನ್ನು ಪಠ್ಯಪುಸ್ತಕದಿಂದ ತಿಳಿಯಬೇಕಾಗಿ ಬಂದುದಕ್ಕೆ ಅಂದು ನಾಚಿಕೆಯಾಗಿತ್ತು.

ನಂಜನಗೂಡಿನ ಸೇತುವೆಯನ್ನು ನೋಡುವಾಗಲೆಲ್ಲ ನನಗೆ ಇನ್ನೊಂದು ಸೇತುವೆ ನೆನಪಾಗುತ್ತದೆ. ಅದು ಯುರೋಪಿನ ಬೋಸ್ನಿಯಾದ ಮೋಸ್ತಾರ್ ಪಟ್ಟಣದಲ್ಲಿದೆ. ಬೋಸ್ನಿಯಾ ಸುಮಾರು ನಾಲ್ಕು ಶತಮಾನ ಕಾಲ ಉಸ್ಮಾನಿಯಾ ತುರ್ಕರ ಆಡಳಿತದಲ್ಲಿದ್ದ ದೇಶ. ಮುಸ್ಲಿಮರು, ಆರ್ಥೊಡಾಕ್ಸ್ ಸರ್ಬರು, ಕ್ಯಾಥೊಲಿಕ್ ಕ್ರೊವಾಟರು ಮತ್ತು ಯಹೂದಿಗಳು ಒಂದೇ ಬೀದಿಯಲ್ಲಿ ಬಾಳಿದ ನಾಡು. ಸುಲ್ತಾನ್ ಸುಲೈಮಾನರ ಆಜ್ಞೆಯಂತೆ ಮಿಮಾರ್ ಖೈರುದ್ದೀನ್ ಎಂಬ ಶಿಲ್ಪಿ ನೆರೆತ್ವಾ ನದಿಗೆ ಒಂದೇ ಕಮಾನಿನ ಕಲ್ಲಿನ ಸೇತುವೆಯನ್ನು 1566ರಲ್ಲಿ ಪೂರ್ತಿಗೊಳಿಸಿದರು. 427 ವರ್ಷ ಅದು ನಿಂತಿತು. 1993ರ ನವೆಂಬರ್ 9ರಂದು ಕ್ರೊವಾಟ್ ಪಡೆಯ ಫಿರಂಗಿ ದಾಳಿಗೆ ಸಿಕ್ಕಿ ನದಿಗೆ ಕುಸಿಯಿತು.

ಆ ಯುದ್ಧದಲ್ಲಿ ಬಿದ್ದದ್ದು ಸೇತುವೆಯೊಂದೇ ಅಲ್ಲ. 1992ರ ಮೇ 17ರಂದು ಸರಾಯೆವೊ ನಗರದ ಪೌರ್ವಾತ್ಯ ಸಂಸ್ಥೆಗೆ ಬೆಂಕಿ ಬಿತ್ತು. ಅರಬಿ, ಫಾರ್ಸಿ, ತುರ್ಕಿ ಭಾಷೆಗಳ ಮತ್ತು ಅರಬಿ ಲಿಪಿಯಲ್ಲಿ ಬರೆದ ಬೋಸ್ನಿಯನ್ ಭಾಷೆಯ ಐದು ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳು ಬೂದಿಯಾದವು. ಅದೇ ವರ್ಷದ ಆಗಸ್ಟ್ 25ರ ರಾತ್ರಿ ರಾಷ್ಟ್ರೀಯ ಗ್ರಂಥಾಲಯಕ್ಕೆ ಬೆಟ್ಟಗಳ ಮೇಲಿಂದ ಸರ್ಬ್ ಪಡೆಗಳು ಶೆಲ್ ದಾಳಿ ನಡೆಸಿದವು. ಅಲ್ಲಿದ್ದ ಸುಮಾರು 15 ಲಕ್ಷ ಗ್ರಂಥಗಳ ಪೈಕಿ ಹೆಚ್ಚಿನವು ಉರಿದುಹೋದವು. ಪುಸ್ತಕಗಳನ್ನು ಉಳಿಸಲು ಧಾವಿಸಿದ ಆಯಿದಾ ಬುತುರೊವಿಚ್ ಎಂಬ ಯುವ ಗ್ರಂಥಪಾಲಕಿ ಮನೆಗೆ ಮರಳುವಾಗ ಶೆಲ್‌ಗೆ ಬಲಿಯಾದರು. ಬಾನ್ಯಾ ಲೂಕಾದ 1579ರ ಫರ್ಹಾದಿಯಾ ಮಸೀದಿಯನ್ನು 1993ರ ಮೇ 7ರಂದು ಸ್ಫೋಟಿಸಲಾಯಿತು. ಫೋಚಾದ 16ನೇ ಶತಮಾನದ ಚಿತ್ತಾರದ ಮಸೀದಿ ಅಲಾಜಾವನ್ನು 1992ರಲ್ಲಿ ನೆಲಸಮಗೊಳಿಸಲಾಯಿತು. ಊರಿನ ಹೆಸರನ್ನೂ ಬದಲಿಸಲಾಯಿತು. ಝ್ವೋರ್ನಿಕ್ ಎಂಬ ಪಟ್ಟಣದಲ್ಲಿ ಮಸೀದಿಗಳನ್ನೆಲ್ಲ ಉರುಳಿಸಿದ ಬಳಿಕ ಅಲ್ಲಿನ ಮೇಯರ್ ತಮ್ಮ ಊರಿನಲ್ಲಿ ಮಸೀದಿಗಳು ಇರಲೇ ಇಲ್ಲ ಎಂದು ಪತ್ರಕರ್ತರಿಗೆ ಹೇಳಿದರು.

ಕಲ್ಲುಗಳ ಮೇಲೆ ಇಷ್ಟೊಂದು ಸಿಟ್ಟೇಕೆ? ಕಟ್ಟಡಗಳು ಸಾಕ್ಷಿ ನುಡಿಯುತ್ತವೆ. ಇಲ್ಲಿ ಇಂಥವರು ಇದ್ದರು, ಕೂಡಿ ಬಾಳಿದರು ಎಂದು ಹೇಳುತ್ತವೆ. ನೀವು ಇಲ್ಲಿಯವರಲ್ಲ ಎಂದು ಒಬ್ಬನಿಗೆ ಹೇಳಬೇಕಾದರೆ ಮೊದಲು ಆ ಸಾಕ್ಷಿಯನ್ನು ಇಲ್ಲವಾಗಿಸಬೇಕಾಗುತ್ತದೆ. 1995ರ ಜುಲೈಯಲ್ಲಿ ಸ್ರೆಬ್ರೆನಿತ್ಸಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಮ್ ಪುರುಷರನ್ನೂ ಹುಡುಗರನ್ನೂ ಕೊಲ್ಲುವುದಕ್ಕೆ ಮೊದಲೇ ಆ ದೇಶದ ನೂರಾರು ಮಸೀದಿಗಳು ನೆಲಕ್ಕುರುಳಿದ್ದವು. ಹಾಗೆಂದು ನೋವು ಮುಸ್ಲಿಮರದ್ದು ಮಾತ್ರ ಎಂದು ಭಾವಿಸುವುದೂ ಅನ್ಯಾಯವಾದೀತು. ಮೋಸ್ತಾರಿನ ಸರ್ಬರ ಆರ್ಥೊಡಾಕ್ಸ್ ಕೆಥೆಡ್ರಲ್ ಕೂಡ ಅದೇ 1992ರಲ್ಲಿ ಧ್ವಂಸವಾಗಿತ್ತು.

ಬೋಸ್ನಿಯಾದಲ್ಲಿ ಮೂರನೆಯ ಒಂದು ಸೇತುವೆಯ ಕಥೆಯೂ ಇದೆ. ಅದನ್ನು ಓದಿದಾಗ ನನ್ನ ಅಭಿಪ್ರಾಯವೇ ಬದಲಾಯಿತು. ದ್ರಿನಾ ನದಿಯ ದಂಡೆಯ ವಿಶೆಗ್ರಾದ್ ಬಳಿ ಆರ್ಥೊಡಾಕ್ಸ್ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಬಾಲಕನೊಬ್ಬ ಉಸ್ಮಾನಿಯಾ ಸಾಮ್ರಾಜ್ಯದ ಪ್ರಧಾನ ವಝೀರನ ಹುದ್ದೆಗೇರಿದ. ಅವರೇ ಮೆಹ್ಮದ್ ಪಾಶಾ ಸೊಕೊಲೊವಿಚ್. ಅವರು ತಾವು ಹುಟ್ಟಿದ ನೆಲಕ್ಕೊಂದು ಸೇತುವೆ ಬೇಕೆಂದು ಮಹಾಶಿಲ್ಪಿ ಸಿನಾನ್‌ರಿಂದ ಹನ್ನೊಂದು ಕಮಾನುಗಳ ಸೇತುವೆಯನ್ನು ಕಟ್ಟಿಸಿದರು. 1577ರಲ್ಲಿ ಅದು ಪೂರ್ತಿಯಾಯಿತು. ಅದಕ್ಕೂ ಮೊದಲು, 1557ರಲ್ಲಿ, ಸರ್ಬರ ಧರ್ಮಪೀಠವನ್ನು ಮತ್ತೆ ಸ್ಥಾಪಿಸಲು ನೆರವಾದವರೂ ಅವರೇ. ಅವರ ಬಂಧುವೇ ಅದರ ಪೀಠಾಧಿಪತಿಯಾದರು. ಸುಲ್ತಾನರು ಶ್ರೀಕಂಠೇಶ್ವರನಿಗೆ ಕೊಡುಗೆ ನೀಡಿದಂಥದೇ ಪ್ರಕರಣವಿದು. ಈ ಸೇತುವೆಯನ್ನು ವಸ್ತುವಾಗಿಸಿ ಕಾದಂಬರಿ ಬರೆದ ಈವೊ ಆಂದ್ರಿಚ್‌ಗೆ 1961ರಲ್ಲಿ ನೊಬೆಲ್ ಪಾರಿತೋಷಕ ಬಂತು.

1992ರ ಯುದ್ಧದಲ್ಲಿ ಈ ಸೇತುವೆ ಬೀಳಲಿಲ್ಲ. ಆದರೆ ವಿಶೆಗ್ರಾದಿನ ಮುಸ್ಲಿಮರನ್ನು ಅದೇ ಸೇತುವೆಯ ಮೇಲೆ ತಂದು ಕೊಂದು ದ್ರಿನಾ ನದಿಗೆ ಎಸೆಯಲಾಯಿತು. ಸ್ಮಾರಕ ಉಳಿಯಿತು, ನೆರೆಹೊರೆ ಉಳಿಯಲಿಲ್ಲ. ಸ್ಮಾರಕವನ್ನು ಕಾಪಾಡಿದರೆ ಸಾಲದು, ಅದನ್ನು ಕಟ್ಟಿಸಿದ ಸಂಬಂಧವನ್ನು ಕಾಪಾಡಬೇಕು ಎಂಬುದನ್ನು ಇದಕ್ಕಿಂತ ಕ್ರೂರವಾಗಿ ಯಾವ ಊರೂ ನಮಗೆ ಕಲಿಸಲಾರದು.

ಆದರೆ ಅದೇ ಬೋಸ್ನಿಯಾ ಬೇರೊಂದು ಪಾಠವನ್ನೂ ಕಲಿಸುತ್ತದೆ. ಸರಾಯೆವೊದಲ್ಲಿ ಯಹೂದಿಗಳ ಪ್ರಾಚೀನ ಹಸ್ತಪ್ರತಿಯೊಂದಿದೆ. 14ನೇ ಶತಮಾನದಲ್ಲಿ ಸ್ಪೇನ್‌ನಲ್ಲಿ ರಚಿತವಾದ, ಚಿತ್ರಗಳಿಂದ ಕೂಡಿದ ಹಗ್ಗಾದಾ ಗ್ರಂಥ. 1942ರಲ್ಲಿ ನಾಝಿ ಸೇನಾಧಿಕಾರಿಯೊಬ್ಬ ಅದನ್ನು ಹುಡುಕಿಕೊಂಡು ಮ್ಯೂಸಿಯಮ್‌ಗೆ ಬಂದಾಗ, ಅಲ್ಲಿಯ ಗ್ರಂಥಪಾಲಕ ದರ್ವೀಶ್ ಕೊರ್ಕುತ್ ಎಂಬ ಮುಸ್ಲಿಮ್ ವಿದ್ವಾಂಸರು ಉಪಾಯದಿಂದ ಅದನ್ನು ಪಾರುಮಾಡಿದರು. ಓರ್ವ ಯಹೂದಿ ಯುವತಿಗೆ ಸ್ವಂತ ಮನೆಯಲ್ಲಿ ಆಶ್ರಯವನ್ನೂ ನೀಡಿದರು. ಇತ್ತ ಫೊಯ್ನಿತ್ಸಾದ ಕ್ಯಾಥೊಲಿಕ್ ಸನ್ಯಾಸಿ ಮಠದಲ್ಲಿ ಸುಲ್ತಾನ್ ಮುಹಮ್ಮದ್ ಫಾತಿಹ್ 1463ರಲ್ಲಿ ನೀಡಿದರೆನ್ನಲಾದ ಅಹದ್‌ನಾಮ ಇದೆ. ನಿಮ್ಮ ಇಗರ್ಜಿಗಳಿಗೂ ಜೀವ ಸೊತ್ತುಗಳಿಗೂ ರಕ್ಷಣೆಯಿದೆ ಎಂಬ ಅಭಯಪತ್ರ ಅದು. ಯಹೂದಿಗಳ ಗ್ರಂಥವನ್ನು ಮುಸ್ಲಿಮರು ಕಾಯ್ದರು, ಮುಸ್ಲಿಮ್ ಸುಲ್ತಾನರ ಪತ್ರವನ್ನು ಕ್ರೈಸ್ತ ಸನ್ಯಾಸಿಗಳು ಕಾಯ್ದರು.

ನಮ್ಮಲ್ಲೂ ಹಾಗೆಯೇ ಅಲ್ಲವೇ? 1791ರಲ್ಲಿ ಮರಾಠಾ ಸೇನೆ ಶೃಂಗೇರಿ ಮಠವನ್ನು ದೋಚಿದ ಬಳಿಕ ಟಿಪ್ಪು ಸುಲ್ತಾನರು ಜಗದ್ಗುರುಗಳಿಗೆ ಬರೆದ ಕನ್ನಡ ಪತ್ರಗಳನ್ನು ಕಾಪಾಡಿದ್ದು ಶೃಂಗೇರಿ ಮಠ. 1916ರಲ್ಲಿ ಅವುಗಳನ್ನು ಹುಡುಕಿ ಲೋಕಕ್ಕೆ ತೋರಿಸಿದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್. ನಂಜನಗೂಡಿನ ಲಿಂಗವನ್ನು ಕಾಪಾಡಿದ್ದು ಅಲ್ಲಿನ ದೇವಾಲಯ. ಟಿಪ್ಪು ಪರವಾಗಿ ನಾವು ಇಂದು ಮುಂದಿಡುವ ಪ್ರಮುಖ ಪುರಾವೆಗಳೆಲ್ಲ ನೆರೆಯವರ ಮನೆಯಲ್ಲಿ ಭದ್ರವಾಗಿವೆ. ಹಾಗಾದರೆ ನಮ್ಮ ಮನೆಯಲ್ಲಿ ಏನಿದೆ? ನೆರೆಯವರ ಯಾವ ನೆನಪನ್ನು ನಾವು ಕಾಯ್ದುಕೊಂಡಿದ್ದೇವೆ? ನಮ್ಮದೇ ನೆನಪುಗಳನ್ನಾದರೂ ಕಾಯ್ದುಕೊಂಡಿದ್ದೇವೆಯೇ?

ಹೊರಗಿನಿಂದ ಬರುವ ಬೆದರಿಕೆ ಇಲ್ಲವೆಂದಲ್ಲ. 2019ರಲ್ಲಿ ರಾಜ್ಯ ಸರಕಾರ ಟಿಪ್ಪು ಜಯಂತಿಯನ್ನು ರದ್ದುಪಡಿಸಿತು. 2022ರ ಅಕ್ಟೋಬರ್‌ನಲ್ಲಿ ಮೈಸೂರು-ಬೆಂಗಳೂರು ನಡುವಿನ ಟಿಪ್ಪು ಎಕ್ಸ್‌ಪ್ರೆಸ್ ರೈಲು ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮುಜರಾಯಿ ದೇವಾಲಯಗಳ 'ಸಲಾಂ ಮಂಗಳಾರತಿ', 'ದೀವಟಿಗೆ ಸಲಾಂ'ಗಳಲ್ಲಿ ಸಲಾಂ ಎಂಬ ಪದವನ್ನು ತೆಗೆದು ನಮಸ್ಕಾರ ಎಂದು ಬದಲಾಯಿಸುವ ತೀರ್ಮಾನ ಹೊರಬಿತ್ತು. ಒಡೆಯರ ಹೆಸರಿನಲ್ಲಿ ರೈಲು ಓಡಲಿ, ಅದಕ್ಕೆ ಅವರು ಸರ್ವಥಾ ಅರ್ಹರು. ಆದರೆ ಒಬ್ಬರನ್ನು ಗೌರವಿಸಲು ಇನ್ನೊಬ್ಬರ ಹೆಸರನ್ನೇ ಅಳಿಸಬೇಕಿತ್ತೇ? ಹೊಸ ರೈಲುಗಳಿಗೆ ಬರವಿತ್ತೇ? ಇನ್ನು ಸಲಾಂ ಎಂಬ ಪದ ಯಾರ ಸೊತ್ತೂ ಅಲ್ಲ. ಭಕ್ತರ ಬಾಯಲ್ಲಿ ಅದು ಕನ್ನಡವೇ ಆಗಿ ಹೋಗಿತ್ತು.

ಈ ಪ್ರಶ್ನೆಗಳನ್ನು ಕೇಳುವ ಹಕ್ಕು ನಮಗಿದೆ. ಆದರೆ ಆ ಹಕ್ಕಿನ ಜೊತೆಗೆ ಪ್ರಾಮಾಣಿಕತೆಯ ಹೊಣೆಯೂ ಇದೆ. ಟಿಪ್ಪು ನಂಜನಗೂಡಿಗೆ ಕೊಟ್ಟದ್ದನ್ನು ಹೇಳುವ ನಾವು ಕೊಡಗು ಮತ್ತು ಮಲಬಾರಿನಲ್ಲಿ ಅವರ ಸೇನೆ ನಡೆಸಿದ್ದನ್ನು ಕೇಳಿದಾಗ ಮುಖ ತಿರುಗಿಸುತ್ತೇವೆ. ಮೇಲುಕೋಟೆಯ ದೇವಾಲಯಕ್ಕೂ ಅವರು ಕೊಡುಗೆ ನೀಡಿದ್ದರು. ಆದರೂ ಅಲ್ಲಿಯ ಮಂಡ್ಯಂ ಅಯ್ಯಂಗಾರ್ ಕುಟುಂಬಗಳು ನರಕ ಚತುರ್ದಶಿಯನ್ನು ಆಚರಿಸದಿರುವುದರ ಹಿಂದೆ ಅದೇ ಕಾಲದ ನೋವಿನ ನೆನಪಿದೆ. ಟಿ. ನರಸೀಪುರ ತಾಲೂಕಿನ ಸೋಮನಾಥಪುರಕ್ಕೆ ಹೋದರೆ ಭಗ್ನಗೊಂಡ ವಿಗ್ರಹಗಳನ್ನು ಕಾಣುತ್ತೇವೆ, ಅಲ್ಲಿ ಪೂಜೆ ನಡೆಯುವುದಿಲ್ಲ. 1311ರಲ್ಲಿ ಮಲಿಕ್ ಕಾಫೂರನ ಸೇನೆ ಹೊಯ್ಸಳ ರಾಜಧಾನಿಯ ಮೇಲೆ ದಾಳಿ ನಡೆಸಿದ್ದು ಇತಿಹಾಸ. ಇವುಗಳನ್ನು ಒಪ್ಪಿಕೊಂಡರೆ ನಮ್ಮ ಧರ್ಮಕ್ಕೆ ಯಾವ ಕುಂದೂ ಬರುವುದಿಲ್ಲ. ದೊರೆಗಳ ತಪ್ಪಿಗೆ ಇಸ್ಲಾಮ್ ಹೊಣೆಯಲ್ಲ, ಇಂದಿನ ಮುಸ್ಲಿಮರೂ ಹೊಣೆಯಲ್ಲ. ಹಾಗಿರುವಾಗ ಅದನ್ನು ಅಡಗಿಸುವ ಅಗತ್ಯವಾದರೂ ಏನು? ನೆರೆಯವನ ನೋವನ್ನು ಕೇಳಲು ಸಿದ್ಧನಿಲ್ಲದವನು ತನ್ನ ನೋವನ್ನು ಕೇಳಿರೆಂದು ಯಾವ ಮುಖದಿಂದ ಹೇಳಿಯಾನು?

ಇನ್ನು ಒಳಗಿನ ಬೆದರಿಕೆ. ಬೋಸ್ನಿಯಾದ ಹಸ್ತಪ್ರತಿಗಳನ್ನು ಶತ್ರುಗಳು ಸುಟ್ಟರು. ನಮ್ಮ ದಾಖಲೆಗಳಿಗೆ ಅಂತಹ ಶತ್ರುಗಳು ಬೇಕಾಗಿಲ್ಲ. ಮಸೀದಿಯ ನವೀಕರಣದ ಹೆಸರಿನಲ್ಲಿ ಹಳೆಯ ಕಲ್ಲಿನ ಬರಹದ ಮೇಲೆ ಬಣ್ಣ ಬಳಿಯುವವರು, ಹಳೆಯ ಮರದ ಮಿಂಬರನ್ನು ಗುಜರಿಗೆ ಹಾಕಿ ಟೈಲ್ಸ್ ಅಂಟಿಸುವವರು ನಾವೇ. ಅಜ್ಜನ ಪೆಟ್ಟಿಗೆಯಲ್ಲಿದ್ದ ಫಾರ್ಸಿ, ಉರ್ದು, ಮೋಡಿ ಬರಹದ ಕಾಗದಗಳು ಓದಲು ಬಾರದೆಂಬ ಕಾರಣಕ್ಕೆ ಒಲೆ ಸೇರುವುದು ನಮ್ಮ ಮನೆಗಳಲ್ಲಿಯೇ. 2025ರ ವಕ್ಫ್ ತಿದ್ದುಪಡಿ ಕಾಯ್ದೆ ಬಂದು, ಆ ವರ್ಷದ ಜೂನ್‌ನಲ್ಲಿ ಆರಂಭವಾದ ಉಮೀದ್ ಪೋರ್ಟಲ್‌ನಲ್ಲಿ ವಕ್ಫ್ ಸೊತ್ತುಗಳ ವಿವರವನ್ನು ಆರು ತಿಂಗಳೊಳಗೆ ದಾಖಲಿಸಬೇಕಾಗಿ ಬಂದಾಗ ಕಾಗದಗಳ ಬೆಲೆ ಏನೆಂಬುದು ಜಮಾಅತ್‌ಗಳಿಗೆ ಅರಿವಾಯಿತು. ಆ ಕಾಯ್ದೆಯ ಕುರಿತಾದ ಆಕ್ಷೇಪಗಳು ನ್ಯಾಯಬದ್ಧವೇ. ಸುಪ್ರೀಮ್ ಕೋರ್ಟು ಕೂಡ 2025ರ ಸೆಪ್ಟೆಂಬರ್‌ನಲ್ಲಿ ಅದರ ಕೆಲವು ಅಂಶಗಳಿಗೆ ಮಧ್ಯಂತರ ತಡೆ ನೀಡಿತು. ಆದರೆ ಕಾಯ್ದೆ ಬರುವುದಕ್ಕೆ ಮೊದಲಿನ ದಶಕಗಳಲ್ಲಿ ನಮ್ಮ ಕಪಾಟುಗಳನ್ನು ತೆರೆದು ನೋಡದಂತೆ ನಮ್ಮನ್ನು ತಡೆದವರು ಯಾರು?

ಈ ವಿಷಯದಲ್ಲಿ ಸರಾಯೆವೊದ ಗಾಝಿ ಖುಸ್ರೋ ಬೇಗ್ ಗ್ರಂಥಾಲಯ ಮಾದರಿಯಾಗಬೇಕು. ಖುಸ್ರೋ ಬೇಗ್ ಆ ನಗರದಲ್ಲಿ ಮಸೀದಿಯನ್ನೂ ಮದ್ರಸವನ್ನೂ ಕಟ್ಟಿಸಿದ ರಾಜ್ಯಪಾಲ. 1537ರ ತಮ್ಮ ವಕ್ಫ್‌ನಾಮದಲ್ಲಿ, ಮದ್ರಸ ಕಟ್ಟಿ ಉಳಿದ ಹಣದಲ್ಲಿ ಗ್ರಂಥಗಳನ್ನು ಖರೀದಿಸಬೇಕೆಂದು ಅವರು ಬರೆಯಿಸಿದ್ದರು. ಅದುವೇ ಗ್ರಂಥಾಲಯದ ಬುನಾದಿ. 1992ರಲ್ಲಿ ನಗರಕ್ಕೆ ದಿಗ್ಬಂಧನ ಬಿದ್ದಾಗ ಅಲ್ಲಿಯ ಸಿಬ್ಬಂದಿ ಸಾವಿರಾರು ಹಸ್ತಪ್ರತಿಗಳನ್ನು ಬಾಳೆಹಣ್ಣಿನ ಖಾಲಿ ಪೆಟ್ಟಿಗೆಗಳಲ್ಲಿ ತುಂಬಿ, ಗುಂಡಿನ ಸುರಿಮಳೆಯ ನಡುವೆ, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಹೊತ್ತೊಯ್ದರು. ಹಸ್ತಪ್ರತಿಗಳು ಉಳಿದವು. 2014ರಲ್ಲಿ ಅವು ಹೊಸ ಕಟ್ಟಡ ಸೇರಿದವು. ರಸಬಾಳೆಗೆ ಹೆಸರಾದ ಊರು ನಮ್ಮದು. ನಮ್ಮಲ್ಲಿ ಪೆಟ್ಟಿಗೆಗಳಿಗೆ ಕೊರತೆಯಿಲ್ಲ, ಅದರೊಳಗೆ ಏನನ್ನು ಉಳಿಸಬೇಕೆಂಬ ಚಿಂತೆಗೆ ಮಾತ್ರ ಕೊರತೆ.

ಅಷ್ಟೇ ಮುಖ್ಯವಾದ ಇನ್ನೊಂದು ಮಾತು. ಮುಸ್ಲಿಮ್ ಹೆಸರಿರುವುದು ಮಾತ್ರ ನಮ್ಮ ಪರಂಪರೆ ಎಂಬ ಭಾವನೆಯಿಂದ ನಾವು ಹೊರಬರಬೇಕು. 1268ರಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ ಸೋಮನಾಥಪುರದ ಕೇಶವ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ತಾಜ್‌ಮಹಲ್ ಇರುವ ಅದೇ ಪಟ್ಟಿಗೆ. ಟಿ. ನರಸೀಪುರದಲ್ಲಿ 1959ರಿಂದ 1965ರ ನಡುವೆ ಪ್ರೊ. ಎಂ. ಶೇಷಾದ್ರಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ನೆಲೆ ಬೆಳಕಿಗೆ ಬಂತು. ಯಾವ ಧರ್ಮದ ಹೆಸರೂ ಹುಟ್ಟುವ ಮೊದಲೇ ಈ ಸಂಗಮದಲ್ಲಿ ಮನುಷ್ಯರು ಮನೆ ಮಾಡಿದ್ದರು. 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿದ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿಗಳನ್ನು ಅಳವಡಿಸಿ ದಕ್ಷಿಣ ಭಾರತವನ್ನೇ ಬೆರಗುಗೊಳಿಸಿದರು. ಪಿಟೀಲಿನ ಆಕಾರದ ಅವರ ಸ್ಮಾರಕ ಭವನ ಬೆಂಗಳೂರಿನಲ್ಲಿದೆ. ಈ ಊರಿನ ನಮ್ಮ ಎಷ್ಟು ಮಕ್ಕಳಿಗೆ ಈ ಹೆಸರುಗಳು ಗೊತ್ತಿವೆ? ಇವರು ನಮ್ಮ ಊರಿನವರು ಎಂದು ನಾವೇ ಹೇಳಿಕೊಳ್ಳದಿದ್ದರೆ, ನೀವು ಈ ಊರಿನವರಲ್ಲ ಎಂದು ಇತರರು ಹೇಳುವಾಗ ನಮ್ಮ ಬಳಿ ಯಾವ ಉತ್ತರವಿದ್ದೀತು?

ಮಾಡಬೇಕಾದ ಕೆಲಸಗಳು ಬಹಳ ದೊಡ್ಡವೇನಲ್ಲ. ಪ್ರತಿ ಜಮಾಅತ್ ಕನಿಷ್ಠ ಇಬ್ಬರು ಯುವಕರನ್ನೂ ಓರ್ವ ಶಿಕ್ಷಕಿಯನ್ನೂ ನೇಮಿಸಿ ಮಸೀದಿ, ದರ್ಗಾ, ಖಬರಸ್ತಾನಗಳ ಶಿಲಾಬರಹಗಳ ಮತ್ತು ಹಳೆಯ ನಿಕಾಹ್ ದಫ್ತರಗಳ ಛಾಯಾಚಿತ್ರ ತೆಗೆದಿಡಬಹುದು. ನವೀಕರಣಕ್ಕೆ ಕೈಹಾಕುವ ಮುನ್ನ ಬಲ್ಲವರನ್ನು ಕರೆಸಿ ತೋರಿಸಬಹುದು. ಮನೆಯ ಹಿರಿಯರನ್ನು, ವಿಶೇಷತಃ ಅಜ್ಜಿಯಂದಿರನ್ನು ಕೂರಿಸಿ ಅವರ ನೆನಪುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಬಹುದು. ನಮ್ಮ ಮನೆಗಳ ಚರಿತ್ರೆ ಹೆಚ್ಚಾಗಿ ಅವರಲ್ಲಿಯೇ ಉಳಿದಿದೆ, ಅವರನ್ನು ಕೇಳಿದವರು ಕಡಿಮೆ. ಮದ್ರಸದ ಮಕ್ಕಳನ್ನು ವರ್ಷಕ್ಕೊಮ್ಮೆ ನಂಜನಗೂಡಿನ ಸೇತುವೆಗೆ, ಸೋಮನಾಥಪುರಕ್ಕೆ, ತಲಕಾಡಿಗೆ, ಶ್ರೀರಂಗಪಟ್ಟಣಕ್ಕೆ ಕರೆದೊಯ್ಯಬಹುದು. ಊರಿನ ಶಾಲೆಯ ಇತಿಹಾಸ ಮೇಷ್ಟ್ರನ್ನು ಮಸೀದಿಗೆ ಕರೆದು ಊರಿನ ಬಗ್ಗೆ ಮಾತನಾಡಿಸಬಹುದು. ಅರ್ಚಕರಲ್ಲಿ ವಿನಯದಿಂದ ವಿಚಾರಿಸಿದರೆ ಅವರೂ ಹೇಳಿಯಾರು. ಇಷ್ಟು ಕಾಲ ನಮ್ಮ ಸೊತ್ತನ್ನು ಕಾದವರಿಗೆ ಒಂದು ಕೃತಜ್ಞತೆಯ ಮಾತನ್ನಾದರೂ ನಾವು ಹೇಳಬೇಡವೇ?

ಮೋಸ್ತಾರಿನ ಸೇತುವೆ ಇಂದು ಮತ್ತೆ ನಿಂತಿದೆ. ಹಿಂದಿನ ಕಲ್ಲಿನಂಥದೇ ಕಲ್ಲನ್ನು ಸ್ಥಳೀಯ ಗಣಿಯಿಂದ ತಂದು, ಹಳೆಯ ವಿಧಾನದಲ್ಲಿಯೇ ಕೆತ್ತಿ, 2004ರ ಜುಲೈಯಲ್ಲಿ ಅದನ್ನು ಮತ್ತೆ ತೆರೆಯಲಾಯಿತು. ಫರ್ಹಾದಿಯಾ ಮಸೀದಿಯ ಒಡೆದ ಕಲ್ಲುಗಳನ್ನು ಕಸದ ರಾ�ಿಗಳಿಂದ ಹುಡುಕಿ ತಂದು ಕಟ್ಟಿ, ಸ್ಫೋಟದ ದಿನವಾದ ಮೇ 7ರಂದೇ, 2016ರಲ್ಲಿ ಪುನರಾರಂಭಿಸಲಾಯಿತು. 2019ರಲ್ಲಿ ಫೋಚಾದ ಅಲಾಜಾ ಮಸೀದಿಯೂ ಬಾಗಿಲು ತೆರೆಯಿತು. ಹಳೆಯ ನಕ್ಷೆಗಳು, ಅಳತೆಗಳು, ಚಿತ್ರಗಳು ಇದ್ದುದರಿಂದ ಇದು ಸಾಧ್ಯವಾಯಿತು. ದಾಖಲೆಯಿದ್ದರೆ ಬಿದ್ದದ್ದನ್ನೂ ಎಬ್ಬಿಸಬಹುದು. ದಾಖಲೆಯಿಲ್ಲದಿದ್ದರೆ ನಿಂತಿರುವುದೂ ನಮ್ಮ ಕೈತಪ್ಪಿ ಹೋಗಬಹುದು.

ಆ ವಿದ್ಯಾರ್ಥಿಗೆ ನಾನು ಫೋಟೋ ಕಳಿಸಲಿಲ್ಲ. "ಭಾನುವಾರ ನಿನ್ನ ಜೊತೆ ವಾದ ಮಾಡುತ್ತಿರುವ ಗೆಳೆಯನನ್ನೂ ಕರೆದುಕೊಂಡು ನಂಜನಗೂಡಿಗೆ ಬಾ, ಮೂವರೂ ಸೇತುವೆ ನೋಡೋಣ" ಎಂದೆ. ಸ್ವಲ್ಪ ಹೊತ್ತು ಮೌನವಾಗಿದ್ದ. ಬಳಿಕ, "ಅವನು ಬರ್ತಾನೋ ಇಲ್ವೋ, ಕೇಳಿ ನೋಡ್ತೀನಿ ಭಾಯ್" ಎಂದ.

ಕೇಳಿ ನೋಡುವುದರಿಂದಲೇ ಆರಂಭವಾಗಲಿ.